ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಓದಲಾಗದ ಕನ್ನಡ ಕಡತಗಳು: ಲಕ್ಷಣ, ಕಾರಣ, ಪರಿಹಾರ

1. ವಿಷಯ ಮತ್ತು ವ್ಯಾಪ್ತಿ

ಮನೆಯ ಕಂಪ್ಯೂಟರಿಗೆ ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಕಾಣಿಸುವ ತೊಂದರೆಗಳಲ್ಲಿ ಹೆಚ್ಚಿನವು ಎಲ್ಲ ಭಾಷೆಯವರಿಗೂ ಸಮಾನವಾದವು. ಧ್ವನಿ ಬರುವುದಿಲ್ಲ, ಪ್ರಿಂಟರ್ ಸ್ಪಂದಿಸುವುದಿಲ್ಲ, ವೈಫೈ ಸಿಗುವುದಿಲ್ಲ. ಸಾಮಾನ್ಯವಾಗಿ ಇವುಗಳ ಮೂಲ ಡ್ರೈವರ್ ಇಲ್ಲದಿರುವುದು. ಆಯಾ ತಯಾರಕರ ಡ್ರೈವರ್ ಹಾಕಿದರೆ ಸರಿಹೋಗುತ್ತವೆ. ಕನ್ನಡದಲ್ಲಿ ಬರೆಯುವವರ ಮನೆಗಳಲ್ಲಿ ಇದಕ್ಕಿಂತ ಗಂಭೀರವಾದ ಇನ್ನೊಂದು ತೊಂದರೆ ಎದುರಾಗುತ್ತದೆ. ಡಿ ಡ್ರೈವ್‌ನಲ್ಲಿ ಜೋಪಾನವಾಗಿ ಉಳಿಸಿಕೊಂಡಿದ್ದ ಲೇಖನ, ಪ್ರಬಂಧ, ನಾಟಕದ ಹಸ್ತಪ್ರತಿ ತೆರೆದುಕೊಳ್ಳುತ್ತದೆ, ಪುಟಗಳ ಸಂಖ್ಯೆಯೂ ಹೆಚ್ಚುಕಡಿಮೆ ಹಿಂದಿನಷ್ಟೇ ಇರುತ್ತದೆ, ಆದರೆ ಒಂದು ಸಾಲೂ ಓದಲು ಬರುವುದಿಲ್ಲ. ಬರೆದವರು ಗಾಬರಿಯಾಗುತ್ತಾರೆ, ಕಡತ ಕೆಟ್ಟುಹೋಯಿತೆಂದು ಕೈಬಿಡುತ್ತಾರೆ, ಇಲ್ಲವೆ ಕೈಗೆ ಬಂದ ಉಪಾಯ ಮಾಡಿ ನಿಜವಾಗಿಯೂ ಕೆಡಿಸಿಕೊಳ್ಳುತ್ತಾರೆ.

ಈ ತೊಂದರೆಯನ್ನು ಈಗಲೇ ಪರಿಶೀಲಿಸಲು ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಟಿಪಿಎಂ 2.0 ಚಿಪ್, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಬೇಕು. ಹೀಗಾಗಿ ಹಳೆಯ ಯಂತ್ರವನ್ನು ಫಾರ್ಮ್ಯಾಟ್ ಮಾಡಿಸುವವರು, ಹೊಸದನ್ನು ಕೊಳ್ಳುವವರು, ಲಿನಕ್ಸ್‌ಗೆ ಹೋಗುವವರು ಎಲ್ಲರಿಗೂ ಹಳೆಯ ಕನ್ನಡ ಕಡತಗಳನ್ನು ಹೊಸ ವ್ಯವಸ್ಥೆಯಲ್ಲಿ ತೆರೆಯುವ ಪ್ರಸಂಗ ಬರುತ್ತದೆ.

ಈ ಟಿಪ್ಪಣಿಯ ಪ್ರತಿಪಾದನೆ ಇಷ್ಟು: ಪರದೆಯ ಮೇಲೆ ಕಾಣುವ ಕೆಡುಕಿನ ಆಕಾರವೇ ಅದರ ಕಾರಣವನ್ನು ಹೇಳುತ್ತದೆ. ಆ ಆಕಾರವನ್ನು ಓದಿಕೊಳ್ಳದೆ ಯಾವ ದುರಸ್ತಿಗೂ ಕೈಹಾಕಬಾರದು.

2. ಹಿನ್ನೆಲೆ: ಅಕ್ಷರ ಎಲ್ಲಿತ್ತು?

ಕನ್ನಡದ ಗಣಕ ಬರವಣಿಗೆಯಲ್ಲಿ ಎರಡು ಪದ್ಧತಿಗಳಿವೆ. ಮೊದಲನೆಯದನ್ನು ಬಳಕೆಯಲ್ಲಿ ‘ಆಸ್ಕಿ’ ಎನ್ನುತ್ತಾರೆ. ಇದರಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಅಕ್ಷರಗಳ ಸಂಕೇತಗಳು. ಆ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಚಿತ್ರಿಸಿ ಕೊಡುವುದು ಫಾಂಟ್. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’, ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ‘ಶ್ರೀಲಿಪಿ’, ಇವುಗಳಲ್ಲಿ ಬಹುಕಾಲ ಬೆರಳಚ್ಚಾದದ್ದು ಹೀಗೆ. ನುಡಿಗೂ ನಂತರದ ಬರಹಕ್ಕೂ ಸಂಕೇತಗಳು ಬಹುಮಟ್ಟಿಗೆ ಹೊಂದುತ್ತವೆ, ಶ್ರೀಲಿಪಿಯದು ಬೇರೆಯೇ.

ಎರಡನೆಯದು ಯುನಿಕೋಡ್. ಇಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳು ಮೀಸಲಾಗಿವೆ, ಮತ್ತು ಪ್ರತಿ ಅಕ್ಷರವೂ ಫಾಂಟಿನ ಹಂಗಿಲ್ಲದೆ ಕನ್ನಡ ಅಕ್ಷರವಾಗಿಯೇ ಕಡತದಲ್ಲಿ ದಾಖಲಾಗುತ್ತದೆ. ವಿಂಡೋಸ್‌ನಲ್ಲಿ ಕನ್ನಡ ಯುನಿಕೋಡ್ 2001ರ ಎಕ್ಸ್‌ಪಿಯೊಡನೆ, ‘ತುಂಗಾ’ ಫಾಂಟಿನ ಮೂಲಕ ಬಂದಿತು. 2012ರ ವಿಂಡೋಸ್ 8ರಿಂದ ‘ನಿರ್ಮಲಾ ಯುಐ’ ಎಂಬ ಫಾಂಟ್ ಭಾರತೀಯ ಲಿಪಿಗಳನ್ನು ಒಟ್ಟಿಗೆ ಹೊತ್ತು ಬರುತ್ತಿದೆ.

ಎರಡರ ಅಂತರವನ್ನು ‘ಕನ್ನಡ’ ಎಂಬ ಒಂದೇ ಪದದಲ್ಲಿ ನೋಡಬಹುದು. ಯುನಿಕೋಡ್‌ನಲ್ಲಿ ಇದು ಐದು ಸಂಕೇತ: ಕ, ನ, ಹಲಂತ, ನ, ಡ. ನುಡಿಯ ಆಸ್ಕಿಯಲ್ಲಿ ಏಳು: ಇಂಗ್ಲಿಷಿನ ದೊಡ್ಡ ‘ಪಿ’ಯ ಸ್ಥಾನದಲ್ಲಿ ಕಕಾರದ ಒಡಲು, ಅದರ ತಲಕಟ್ಟು, ಪೌಂಡ್ ಹಣದ ಚಿಹ್ನೆಯ ಸ್ಥಾನದಲ್ಲಿ ನಕಾರದ ಒಡಲು, ತಲಕಟ್ಟು, ಜರ್ಮನ್ ಭಾಷೆಯ ಒಂದು ವಿಶೇಷ ಅಕ್ಷರದ ಸ್ಥಾನದಲ್ಲಿ ನ-ಒತ್ತು, ಸಣ್ಣ ‘ಕ್ಯೂ’ ಸ್ಥಾನದಲ್ಲಿ ಡಕಾರದ ಒಡಲು, ಮತ್ತೆ ತಲಕಟ್ಟು. ಫಾಂಟ್ ಇರುವ ತನಕ ಇದು ‘ಕನ್ನಡ’. ಫಾಂಟ್ ಹೋದ ಕ್ಷಣ ಪೌಂಡ್ ಚಿಹ್ನೆಯೂ ಜರ್ಮನ್ ಅಕ್ಷರವೂ ತಮ್ಮ ಮೂಲ ರೂಪದಲ್ಲಿ ಹೊರಬರುತ್ತವೆ.

ಫಾಂಟುಗಳು ಸಾಮಾನ್ಯವಾಗಿ ಇರುವುದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನಲ್ಲಿ. ಫಾರ್ಮ್ಯಾಟ್ ಆಗುವುದು ಅದೇ ಡ್ರೈವ್. ಡಿ ಡ್ರೈವ್‌ನ ಕಡತ ಉಳಿದರೂ ಅದನ್ನು ಓದಿಸುತ್ತಿದ್ದ ಫಾಂಟ್ ಅಳಿದಿರುತ್ತದೆ. ಕಡತಕ್ಕೆ ಯಾವ ಹಾನಿಯೂ ಆಗಿರುವುದಿಲ್ಲ.

3. ಐದು ಲಕ್ಷಣಗಳು

ಹೊಸದಾಗಿ ವಿಂಡೋಸ್ ಹಾಕಿದ ಯಂತ್ರದಲ್ಲಿ ಕನ್ನಡ ಕೆಟ್ಟು ಕಾಣುವುದು ಮುಖ್ಯವಾಗಿ ಐದು ಬಗೆಯಲ್ಲಿ.

ಅ) ಖಾಲಿ ಚೌಕಗಳು. ಅಕ್ಷರಕ್ಕೊಂದು ಚೌಕ ಕಂಡರೆ ಪಠ್ಯ ಯುನಿಕೋಡ್‌ನಲ್ಲಿದೆ, ಅದನ್ನು ತೋರಿಸುವ ಫಾಂಟ್ ಆ ತಂತ್ರಾಂಶಕ್ಕೆ ಸಿಕ್ಕಿಲ್ಲ. ಪಠ್ಯ ಸುರಕ್ಷಿತ. ವಿಂಡೋಸ್ 8 ಮತ್ತು ಅನಂತರದವುಗಳಲ್ಲಿ ಇದು ಅಪರೂಪ. ಇದಕ್ಕೆ ಸಮೀಪದ ಇನ್ನೊಂದು ಸಮಸ್ಯೆ ಮಾತ್ರ ಸಂಶೋಧಕರನ್ನು ಕಾಡುತ್ತದೆ. ವಿಂಡೋಸ್ 10ರಿಂದ ಈಚೆಗೆ ತುಂಗಾ ಫಾಂಟ್ ತಾನಾಗಿ ಬರುವುದಿಲ್ಲ. ಅದು ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಎಂಬ ಐಚ್ಛಿಕ ಸೌಲಭ್ಯದಲ್ಲಿ ಸೇರಿದೆ. ತುಂಗಾದಲ್ಲಿ ವಿನ್ಯಾಸಗೊಂಡ ಪ್ರಬಂಧವನ್ನು ಹೊಸ ಯಂತ್ರ ಬೇರೆ ಫಾಂಟಿನಲ್ಲಿ ತೋರಿಸುತ್ತದೆ. ಓದಲು ಬರುತ್ತದೆ, ಆದರೆ ಸಾಲುಗಳು ಮುರಿಯುವ ಜಾಗ ಬದಲಾಗಿ ಪುಟಸಂಖ್ಯೆಗಳು ಸರಿಯುತ್ತವೆ. ಕೈಯಿಂದ ಸಿದ್ಧಪಡಿಸಿದ ಪರಿವಿಡಿ, ಪದಸೂಚಿಗಳು ಸದ್ದಿಲ್ಲದೆ ತಪ್ಪಾಗುತ್ತವೆ. ಸೆಟ್ಟಿಂಗ್ಸ್‌ನ ‘ಆಪ್ಷನಲ್ ಫೀಚರ್ಸ್’ ವಿಭಾಗದಿಂದ ಈ ಫಾಂಟನ್ನು ಸೇರಿಸಿಕೊಳ್ಳಬಹುದು.

ಆ) ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗುರುತು ಹೊತ್ತ ಯುರೋಪಿನ ಅಕ್ಷರ, ಪೌಂಡ್ ಮತ್ತು ಯೆನ್ ಚಿಹ್ನೆಗಳ ಮಿಶ್ರಣ. ಇದು ಆಸ್ಕಿ ಪಠ್ಯ, ಫಾಂಟ್ ಇಲ್ಲ. ಗುರುತಿಸಲು ಒಂದು ಸುಲಭ ಪರೀಕ್ಷೆಯಿದೆ: ಓರೆಗೀಟು ಹೊತ್ತ ದೊಡ್ಡ ‘ಎ’ ಅಕ್ಷರ ಸಾಲಿನ ತುಂಬ ಮತ್ತೆಮತ್ತೆ ಬರುತ್ತಿದ್ದರೆ ಅದು ನುಡಿ ಸಂಕೇತದ ತಲಕಟ್ಟು. ಅಕಾರಾಂತ ವ್ಯಂಜನಗಳು ಕನ್ನಡದಲ್ಲಿ ಹೇರಳವಾದ್ದರಿಂದ ಈ ಚಿಹ್ನೆಯೂ ಹೇರಳ.

ಇ) ಓರೆಗೀಟಿನ ಸಣ್ಣ ‘ಎ’, ಅದರ ಬೆನ್ನಿಗೆ ಮೇಲಕ್ಕೆ ಬರೆದ 2 ಅಥವಾ 3, ಆಮೇಲೆ ಇನ್ನೇನೋ ಒಂದು ಚಿಹ್ನೆ, ಈ ಮೂರರ ಗುಂಪು ಉದ್ದಕ್ಕೂ ಮರುಕಳಿಸುವುದು. ಇದು ಆಸ್ಕಿ ಅಲ್ಲ, ಯುನಿಕೋಡ್. ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಅಕ್ಷರಕ್ಕೆ ಮೂರು ಬೈಟ್. ಮೊದಲನೆಯದು ಸದಾ 224. ಎರಡನೆಯದು 178 ಅಥವಾ 179. ಇವನ್ನು ಯುಟಿಎಫ್-8 ಎಂದು ಅರಿಯದ ತಂತ್ರಾಂಶ ಪಶ್ಚಿಮ ಯುರೋಪಿನ 1252 ಸಂಕೇತಪಟ್ಟಿಯಂತೆ ಓದಿದರೆ 224 ಓರೆಗೀಟಿನ ಸಣ್ಣ ‘ಎ’ ಆಗುತ್ತದೆ, 178 ಮತ್ತು 179 ಮೇಲಕ್ಕೆ ಬರೆದ 2 ಮತ್ತು 3 ಆಗುತ್ತವೆ. ಎಕ್ಸೆಲ್‌ನಲ್ಲಿ ಕನ್ನಡದ ಸಿಎಸ್‌ವಿ ಕಡತವನ್ನು ನೇರವಾಗಿ ತೆರೆದಾಗ ಇದು ಹೆಚ್ಚು. ಕಡತವನ್ನು ಉಳಿಸದೆ ಮುಚ್ಚಿ, ‘ಡೇಟಾ’ ಪಟ್ಟಿಯಿಂದ ಆಮದು ಮಾಡಿಕೊಳ್ಳುವಾಗ 65001 ಯುಟಿಎಫ್-8 ಎಂದು ಆರಿಸಿದರೆ ಕನ್ನಡ ಮರಳುತ್ತದೆ.

ಈ ಮೂರನೆಯ ಬಗೆಯಲ್ಲಿ ‘ಉಳಿಸದೆ ಮುಚ್ಚಿ’ ಎಂಬುದಕ್ಕೆ ನಿರ್ದಿಷ್ಟ ಕಾರಣವಿದೆ. 1252ರ ಪಟ್ಟಿಯಲ್ಲಿ 129, 141, 143, 144, 157 ಈ ಐದು ಸ್ಥಾನಗಳಿಗೆ ಯಾವ ಅಕ್ಷರವನ್ನೂ ಕೊಟ್ಟಿಲ್ಲ. ಕನ್ನಡದ ಮೂರನೆಯ ಬೈಟನ್ನು ಲೆಕ್ಕಹಾಕಿ ನೋಡಿದರೆ 129 ಉಕಾರದ ಕೊಂಬಿನದು, 141 ಹಲಂತದ್ದು, 143 ಏ, 144 ಐ, 157 ಝ. ತಪ್ಪಾಗಿ ಓದಿದ ಪಠ್ಯವನ್ನು ಹಾಗೆಯೇ ಉಳಿಸುವ ತಂತ್ರಾಂಶ ಈ ಬೈಟುಗಳನ್ನು ಕೈಬಿಟ್ಟರೆ, ಮರಳಿ ಪಡೆದ ಪಠ್ಯದಲ್ಲಿ ಉಕಾರಗಳೂ ಒತ್ತಕ್ಷರಗಳೂ ಇರುವುದಿಲ್ಲ. ಕನ್ನಡದಲ್ಲಿ ಹೇರಳವಾಗಿ ಬಳಕೆಯಾಗುವ ಎರಡು ಚಿಹ್ನೆಗಳೇ ಈ ಅಪಾಯದಲ್ಲಿವೆ.

ಈ) ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು. ಇದೊಂದೇ ನಿಜವಾದ ನಷ್ಟ. ಯುನಿಕೋಡ್ ಪಠ್ಯವನ್ನು ಯಾರೋ ಹಳೆಯ ‘ಆನ್ಸಿ’ ರೂಪದಲ್ಲಿ ಉಳಿಸಿದ್ದಾರೆ, ಇಲ್ಲವೆ ಯುನಿಕೋಡ್ ಅರಿಯದ ಪೇಜ್‌ಮೇಕರ್‌ನಂಥ ತಂತ್ರಾಂಶಕ್ಕೆ ಅಂಟಿಸಿದ್ದಾರೆ. ಪ್ರತಿ ಅಕ್ಷರದ ಸಂಕೇತವೂ ಪ್ರಶ್ನಾರ್ಥಕದ ಸಂಕೇತವಾಗಿ ಬದಲಾಗಿರುತ್ತದೆ. ಆ ಕಡತದಿಂದ ಏನನ್ನೂ ಹಿಂಪಡೆಯಲಾಗದು. ಹಳೆಯ ಮಿಂಚಂಚೆಯ ಲಗತ್ತು, ಪೆನ್‌ಡ್ರೈವ್, ಪ್ರಕಾಶಕರ ಬಳಿಯ ಪ್ರತಿ, ಇವುಗಳಲ್ಲಿ ಹುಡುಕಬೇಕು.

ಉ) ಅಕ್ಷರಗಳು ಕನ್ನಡದವೇ, ಆದರೆ ಒತ್ತು ಕೆಳಗಿಳಿಯದೆ ಹಲಂತ ಎದ್ದು ಕಾಣುವುದು, ಗುಣಿತ ಚಿಹ್ನೆ ಬಿಡಿಯಾಗಿ ನಿಲ್ಲುವುದು. ಇಲ್ಲಿ ಪಠ್ಯವೂ ಸರಿ, ಫಾಂಟೂ ಸರಿ. ಅಕ್ಷರಗಳನ್ನು ಜೋಡಿಸುವ ಭಾಗ ಕೆಲಸ ಮಾಡುತ್ತಿಲ್ಲ. ಇಂದು ಇದು ಕಾಣುವುದು ಹೆಚ್ಚಾಗಿ ಪುಟವಿನ್ಯಾಸದ ತಂತ್ರಾಂಶಗಳಲ್ಲಿ. ಇನ್‌ಡಿಸೈನ್‌ನ ಸಿಎಸ್6 ಮತ್ತು ಅನಂತರದ ಆವೃತ್ತಿಗಳಲ್ಲಿ ‘ವರ್ಲ್ಡ್-ರೆಡಿ’ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿದರೆ ಸರಿಹೋಗುತ್ತದೆ. ತಂತ್ರಾಂಶವನ್ನು ಹೊಸದಾಗಿ ಹಾಕಿದಾಗ ಈ ಆಯ್ಕೆಯೂ ಮೊದಲಿನ ಸ್ಥಿತಿಗೆ ಹೋಗಿರುತ್ತದೆಂಬುದನ್ನು ಮರೆಯಬಾರದು.

4. ಆಸ್ಕಿ ಕಡತವನ್ನು ಮರಳಿ ಓದುವಂತೆ ಮಾಡುವುದು

ಎರಡನೆಯ ಲಕ್ಷಣಕ್ಕೆ ಹೆಚ್ಚು ವಿವರ ಬೇಕು. ಕಳೆದ ಶತಮಾನದ ಕೊನೆಯಿಂದ ಹಲವು ವರ್ಷ ಕನ್ನಡದ ಮನೆಗಳಲ್ಲಿ, ಡಿಟಿಪಿ ಕೇಂದ್ರಗಳಲ್ಲಿ ಬೆರಳಚ್ಚಾದದ್ದರ ದೊಡ್ಡ ಪಾಲು ಈ ರೂಪದಲ್ಲಿದೆ.

ಮೊದಲ ಕೆಲಸ ಕಡತದ ನಕಲು ತೆಗೆದು ಮೂಲವನ್ನು ಮುಟ್ಟದೆ ಬೇರೆಡೆ ಇಡುವುದು. ಆಮೇಲೆ ನಕಲನ್ನು ವರ್ಡ್‌ನಲ್ಲಿ ತೆರೆದು, ಓದಲಾಗದ ಸಾಲಿನ ಮೇಲೆ ಕ್ಲಿಕ್ ಮಾಡಿ, ಫಾಂಟ್ ಹೆಸರಿನ ಪೆಟ್ಟಿಗೆಯನ್ನು ನೋಡಬೇಕು. ಫಾಂಟ್ ಯಂತ್ರದಲ್ಲಿ ಇಲ್ಲದಿದ್ದರೂ ಅದರ ಹೆಸರನ್ನು ವರ್ಡ್ ಕಡತದಲ್ಲಿ ಉಳಿಸಿಕೊಂಡಿರುತ್ತದೆ. ‘ನುಡಿ’ ಎಂದು ಆರಂಭವಾಗುವ ಹೆಸರೋ, ಬರಹದ ‘ಬಿಆರ್‌ಎಚ್’ ಎಂದು ಆರಂಭವಾಗುವುದೋ, ಶ್ರೀಲಿಪಿಯ ‘ಶ್ರೀ’ಯೋ, ಅದೇ ಇಡೀ ಸಮಸ್ಯೆಯ ಉತ್ತರ.

ಇಲ್ಲಿಯೇ ಬಹಳ ಜನ ದೊಡ್ಡ ಹಾನಿ ಮಾಡಿಕೊಳ್ಳುತ್ತಾರೆ. ಇಡೀ ಕಡತವನ್ನು ಆಯ್ದು ಫಾಂಟನ್ನು ನಿರ್ಮಲಾಕ್ಕೋ ತುಂಗಾಕ್ಕೋ ಬದಲಿಸುತ್ತಾರೆ. ಅದರಿಂದ ಕನ್ನಡ ಬರುವುದಿಲ್ಲ, ಏಕೆಂದರೆ ಕಡತದಲ್ಲಿ ಇರುವುದು ಕನ್ನಡ ಸಂಕೇತಗಳಲ್ಲ. ಬದಲಿಗೆ ಒಂದು ಅಮೂಲ್ಯ ಮಾಹಿತಿ ಅಳಿಸಿಹೋಗುತ್ತದೆ: ಯಾವ ಭಾಗ ಕನ್ನಡ, ಯಾವ ಭಾಗ ನಿಜವಾದ ಇಂಗ್ಲಿಷ್ ಎಂಬ ಗಡಿ. ಸಂಶೋಧನಾ ಬರಹದಲ್ಲಿ ಇಂಗ್ಲಿಷ್ ಗ್ರಂಥಗಳ ಹೆಸರು, ಉದ್ಧೃತ ವಾಕ್ಯ ಬೆರೆತಿರುತ್ತವೆ. ಎರಡೂ ಒಂದೇ ಬಗೆಯ ಸಂಕೇತಗಳಲ್ಲಿ ಇರುವುದರಿಂದ ಅವುಗಳನ್ನು ಬೇರ್ಪಡಿಸುವ ಏಕೈಕ ಆಧಾರ ಫಾಂಟಿನ ಹೆಸರು. ಅದನ್ನು ಒಮ್ಮೆ ಅಳಿಸಿ ಉಳಿಸಿದರೆ ಮುಂದೆ ಪ್ರತಿ ಸಾಲನ್ನೂ ಕಣ್ಣಿನಿಂದಲೇ ವಿಂಗಡಿಸಬೇಕು. ಬರಿಯ ಪಠ್ಯವಾಗಿ ಬೇರೆಡೆ ಅಂಟಿಸಿದರೂ ಇದೇ ಗತಿ.

ಫಾಂಟಿನ ಹೆಸರು ತಿಳಿದ ಮೇಲೆ ಫಾಂಟ್ ಹುಡುಕಬೇಕು. ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡದೆ ಅದರ ಮೇಲೆಯೇ ವಿಂಡೋಸ್ ಹಾಕಿದ್ದರೆ ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರ್ ಇರುತ್ತದೆ. ಹಳೆಯ ಫಾಂಟುಗಳೆಲ್ಲ ಅದರೊಳಗಿನ ಫಾಂಟ್ಸ್ ಫೋಲ್ಡರಿನಲ್ಲಿ ಸಿಗುತ್ತವೆ. ಈ ಫೋಲ್ಡರನ್ನು ಕೆಲವು ದಿನಗಳಾದ ಮೇಲೆ ವಿಂಡೋಸ್ ತಾನೇ ಅಳಿಸುವುದರಿಂದ ತಡಮಾಡಬಾರದು. ಅದು ಇಲ್ಲದಿದ್ದರೆ ನುಡಿ ಅಥವಾ ಬರಹ ತಂತ್ರಾಂಶವನ್ನು ಮತ್ತೆ ಹಾಕಿದರೆ ಫಾಂಟುಗಳೂ ಬರುತ್ತವೆ.

ಫಾಂಟ್ ಹಾಕಿದರೂ ಕಾಣದಿದ್ದರೆ ಎರಡು ಕಾರಣಗಳನ್ನು ಪರೀಕ್ಷಿಸಬೇಕು. ವಿಂಡೋಸ್ 10ರ 2018ರ ಕೊನೆಯ ಆವೃತ್ತಿಯಿಂದ ‘ಇನ್‌ಸ್ಟಾಲ್’ ಎಂದು ಒತ್ತಿದರೆ ಫಾಂಟ್ ಆ ಬಳಕೆದಾರರ ಖಾತೆಗೆ ಮಾತ್ರ ಸೇರುತ್ತದೆ. ಹಳೆಯ ತಂತ್ರಾಂಶಗಳಲ್ಲಿ ಕೆಲವು ಅಲ್ಲಿ ಹುಡುಕುವುದೇ ಇಲ್ಲ. ಬಲ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಆರಿಸಬೇಕು. ಎರಡನೆಯದು ಪ್ರಾದೇಶಿಕ ಸೆಟ್ಟಿಂಗ್ಸ್‌ನ ಆಡಳಿತ ವಿಭಾಗದಲ್ಲಿ ‘ಬೀಟಾ’ ಎಂದು ಗುರುತಿಸಿರುವ, ಜಗತ್ತಿನ ಎಲ್ಲ ಭಾಷೆಗಳಿಗೂ ಯುಟಿಎಫ್-8 ಬಳಸುವ ಆಯ್ಕೆ. ಕನ್ನಡಕ್ಕೆ ಒಳ್ಳೆಯದೆಂದು ಭಾವಿಸಿ ಇದನ್ನು ಆರಿಸಿದರೆ ಯುನಿಕೋಡ್ ಅರಿಯದ ಹಳೆಯ ತಂತ್ರಾಂಶಗಳು 127ಕ್ಕಿಂತ ಮೇಲಿನ ಬೈಟುಗಳನ್ನು ತಪ್ಪಾಗಿ ಓದುತ್ತವೆ. ತಲಕಟ್ಟು, ಒತ್ತು, ಅರ್ಕಾವತ್ತು ಎಲ್ಲವೂ ಇರುವುದು ಆ ಭಾಗದಲ್ಲಿಯೇ. ಆಸ್ಕಿ ತಂತ್ರಾಂಶ ಬಳಸುವ ಯಂತ್ರದಲ್ಲಿ ಈ ಆಯ್ಕೆ ಬೇಡ.

ಇನ್ನೊಂದು ಎಚ್ಚರಿಕೆ ವರ್ಡ್‌ನ ‘ಆಟೋಕರೆಕ್ಟ್’ ಕುರಿತು. ಹೊಸದಾಗಿ ಹಾಕಿದ ವರ್ಡ್‌ನಲ್ಲಿ ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದಾಗಿಸುವ ಆಯ್ಕೆ ಚಾಲೂ ಇರುತ್ತದೆ. ನುಡಿ ಸಂಕೇತದಲ್ಲಿ ಸಣ್ಣ ‘ವಿ’ ತಕಾರದ ಒಡಲು, ದೊಡ್ಡ ‘ವಿ’ ಗಿ. ಸಣ್ಣ ‘ಕ್ಯೂ’ ಡಕಾರದ ಒಡಲು, ದೊಡ್ಡ ‘ಕ್ಯೂ’ ಕಿ. ‘ತಂದೆ’ ಎಂದು ಟೈಪ್ ಮಾಡಿದ ವಾಕ್ಯಾರಂಭವನ್ನು ವರ್ಡ್ ‘ಸರಿಪಡಿಸಿದಾಗ’ ತಕಾರ ಹೋಗಿ ಗಿ ಬರುತ್ತದೆ. ಹಳೆಯ ಯಂತ್ರದಲ್ಲಿ ಯಾವಾಗಲೋ ಈ ಆಯ್ಕೆಯನ್ನು ತೆಗೆದಿದ್ದವರಿಗೆ ಹೊಸದರಲ್ಲಿ ಮತ್ತೆ ತೆಗೆಯಬೇಕೆಂಬುದು ಹೊಳೆಯುವುದಿಲ್ಲ.

5. ಕೀಲಿಮಣೆ ಮತ್ತು ಲಿನಕ್ಸ್

ಓದುವುದು ಸರಿಹೋದ ಮೇಲೆ ಬರೆಯುವುದರ ತೊಂದರೆ. ವಿಂಡೋಸ್ ತಾನಾಗಿ ಕೊಡುವ ಮುಖ್ಯ ಕನ್ನಡ ಕೀಲಿಮಣೆ ಇನ್‌ಸ್ಕ್ರಿಪ್ಟ್. 2019ರಿಂದ ಧ್ವನ್ಯನುಸಾರಿಯಾದ ಇನ್ನೊಂದೂ ಸೇರಿದೆ. ನುಡಿ ಬಳಸುವ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಕೈ ಪಳಗಿದವರಿಗೆ ಇವೆರಡೂ ಒಗ್ಗುವುದಿಲ್ಲ. ನುಡಿಯಂಥ ತಂತ್ರಾಂಶವನ್ನು ಹಾಕಿಕೊಳ್ಳಬೇಕು. ನುಡಿಯಲ್ಲಿ ಕನ್ನಡ-ಇಂಗ್ಲಿಷ್ ಬದಲಾವಣೆಗೆ ಬಳಕೆಯಾಗುತ್ತಿದ್ದ ಸ್ಕ್ರಾಲ್ ಲಾಕ್ ಕೀಲಿ ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲ. ವಿಂಡೋಸ್‌ನ ಪರದೆ ಕೀಲಿಮಣೆಯಲ್ಲಿ ಅದು ಸಿಗುತ್ತದೆ.

ಟಿಪಿಎಂ ಇಲ್ಲದ ಯಂತ್ರಕ್ಕೆ ಲಿನಕ್ಸ್ ಹಾಕಿದವರು ಹಳೆಯ ಆಸ್ಕಿ ಫಾಂಟುಗಳನ್ನು ಅಲ್ಲಿಯೂ ಹಾಕಿಕೊಳ್ಳಬಹುದು. ಲಿಬ್ರೆ ಆಫೀಸ್‌ನಲ್ಲಿ ನುಡಿಯ ಕಡತಗಳು ಓದಲು ಬರುತ್ತವೆ. ಕೆ.ಪಿ. ರಾವ್ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿಯೇ ಇದೆ.

ಹಳೆಯ ತಂತ್ರಾಂಶವನ್ನೇ ನೆಚ್ಚಿಕೊಳ್ಳುವುದಕ್ಕೆ ಒಂದು ಮಿತಿಯಿದೆ. 64-ಬಿಟ್ ವಿಂಡೋಸ್‌ನಲ್ಲಿ 16-ಬಿಟ್ ತಂತ್ರಾಂಶಗಳು ನಡೆಯುವುದಿಲ್ಲ, ಮತ್ತು ವಿಂಡೋಸ್ 11 ಇರುವುದು 64-ಬಿಟ್ ರೂಪದಲ್ಲಿ ಮಾತ್ರ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಪ್ರತಿ ಮರುಸ್ಥಾಪನೆಯೂ ಹಿಂದಿನದಕ್ಕಿಂತ ಕಷ್ಟವಾಗುತ್ತ ಹೋಗುತ್ತದೆ.

6. ಯುನಿಕೋಡ್‌ಗೆ ಪರಿವರ್ತನೆ: ಪರಿಶೀಲಿಸಬೇಕಾದ ಸ್ಥಳಗಳು

ಶಾಶ್ವತ ಪರಿಹಾರ ಯುನಿಕೋಡ್‌ಗೆ ಪರಿವರ್ತನೆ. ನುಡಿ, ಬರಹಗಳ ಈಚಿನ ಆವೃತ್ತಿಗಳಲ್ಲಿ ಪರಿವರ್ತಕಗಳಿವೆ, ಅರವಿಂದ ವಿ.ಕೆ. ಅವರು ರೂಪಿಸಿದ ಮುಕ್ತ ಪರಿವರ್ತಕವೂ ಬಳಕೆಯಲ್ಲಿದೆ. ಪರಿವರ್ತನೆ ಒಂದಕ್ಕೊಂದು ಅಕ್ಷರ ಬದಲಿಸುವ ಸರಳ ಕೆಲಸವಲ್ಲ. ನುಡಿ ಸಂಕೇತದಲ್ಲಿ ಮಕಾರಕ್ಕೆ ಸ್ವಂತ ಸ್ಥಾನವಿಲ್ಲ. ವಕಾರದ ಒಡಲು, ತಲಕಟ್ಟು, ಕೊಂಬು ಮೂರೂ ಸೇರಿ ‘ಮ’ ಆಗುತ್ತದೆ. ‘ವು’ ಬರೆಯಲು ಬೇರೆ ಕೊಂಬಿದೆ. ‘ಯ’ ಅಕ್ಷರ ಆರಂಭವಾಗುವುದು ಅನುಸ್ವಾರದ ಸೊನ್ನೆಯಿಂದ. ಅರ್ಕಾವತ್ತು ಆಸ್ಕಿಯಲ್ಲಿ ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಬರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ರ ಮತ್ತು ಹಲಂತ ಮೊದಲು ಬರಬೇಕು. ಆದ್ದರಿಂದ ಪರಿವರ್ತಕ ಉದ್ದವಾದ ಗುಂಪುಗಳನ್ನು ಮೊದಲು ಗುರುತಿಸಿ, ಕ್ರಮವನ್ನೂ ಬದಲಿಸಬೇಕು.

ಪರಿವರ್ತಿತ ಪಠ್ಯದಲ್ಲಿ ಈ ಸ್ಥಳಗಳನ್ನು ತಪ್ಪದೆ ನೋಡಬೇಕು. ಒಂದು, ಮ-ವು ಮತ್ತು ಮೊ-ವೊ ಜೋಡಿಗಳು. ಎರಡು, ಅರ್ಕಾವತ್ತಿನ ಜೊತೆಗೆ ದೀರ್ಘ ಅಥವಾ ಒತ್ತು ಬಂದಿರುವ ಪದಗಳು. ಮೂರು, ‘ಸಾಫ್ಟ್‌ವೇರ್’ನಂಥ ಪದಗಳಲ್ಲಿ ಹಲಂತದ ನಂತರದ ಅಕ್ಷರ ಒತ್ತಾಗದಂತೆ ತಡೆಯುವ ಕಾಣದ ಸಂಕೇತ, ಅದು ಬಿಟ್ಟುಹೋದರೆ ಪದ ‘ಸಾಫ್ಟ್ವೇರ್’ ಆಗುತ್ತದೆ. ನಾಲ್ಕು, ‘ರ‍್ಯಾಂಕ್’ ಮಾದರಿಯ ಪದಗಳು. ಇವು ಅರ್ಕಾವತ್ತಾಗಿ ತಿರುಗಿರಬಹುದು. ಐದು, ಹಳಗನ್ನಡದ ಱ ಮತ್ತು ೞ. ಯುನಿಕೋಡ್‌ನಲ್ಲಿ ಎರಡಕ್ಕೂ ಸ್ಥಾನವಿದೆ, ಆದರೆ ಹಳೆಯ ಬೆರಳಚ್ಚಿನಲ್ಲಿ ಇವುಗಳ ಬದಲು ಬೇರೆ ಅಕ್ಷರ ಹಾಕಿರುವ ಸಾಧ್ಯತೆಯಿರುವುದರಿಂದ ಮೂಲಕ್ಕೆ ಹೋಲಿಸಬೇಕು. ಆರು, ಇಂಗ್ಲಿಷ್ ಭಾಗಗಳು ಅಪ್ಪಿತಪ್ಪಿ ಕನ್ನಡವಾಗಿ ಪರಿವರ್ತನೆಗೊಂಡಿವೆಯೇ ಎಂಬುದು.

ಹೋಲಿಕೆಗೆ ಅತ್ಯುತ್ತಮ ಸಾಕ್ಷಿ ಹಳೆಯ ಪಿಡಿಎಫ್. ಫಾಂಟನ್ನು ತನ್ನೊಳಗೆ ಸೇರಿಸಿಕೊಂಡಿರುವ ಪಿಡಿಎಫ್ ಯಾವ ಯಂತ್ರದಲ್ಲಾದರೂ ಮೂಲದಂತೆಯೇ ಕಾಣುತ್ತದೆ. ಅದರಿಂದ ಪಠ್ಯವನ್ನು ನಕಲಿಸಿದರೆ ಬರುವುದು ಆಸ್ಕಿ ಸಂಕೇತಗಳೇ. ಓದಿ ತಾಳೆನೋಡಲು ಮಾತ್ರ ಅದು ಉಪಯುಕ್ತ.

ಪರಿವರ್ತನೆಯ ಪ್ರಯೋಜನ ಓದುವುದಕ್ಕಷ್ಟೇ ಸೀಮಿತವಲ್ಲ. ಆಸ್ಕಿ ಕಡತದಲ್ಲಿ ಅಕಾರಾದಿ ವಿಂಗಡಣೆ ಆಗದು. ಒಂದು ಫಾಂಟಿನ ಪದವನ್ನು ಇನ್ನೊಂದು ಪದ್ಧತಿಯ ಕಡತದಲ್ಲಿ ಹುಡುಕಲಾಗದು. ನಿಘಂಟು, ಪದಸೂಚಿ, ಪಾಠಾಂತರಗಳ ಕೆಲಸ ಮಾಡುವವರಿಗೆ ಯುನಿಕೋಡ್ ಇಲ್ಲದೆ ಗಣಕ ಬರಿಯ ಬೆರಳಚ್ಚು ಯಂತ್ರ.

7. ನಿರ್ಣಯ

ಐದು ಲಕ್ಷಣಗಳಲ್ಲಿ ನಾಲ್ಕರಲ್ಲಿ ಪಠ್ಯ ಉಳಿದಿರುತ್ತದೆ. ಅದನ್ನು ಕಳೆಯುವುದು ವಿಂಡೋಸ್‌ನ ಮರುಸ್ಥಾಪನೆಯಲ್ಲ, ಅನಂತರ ಅವಸರದಲ್ಲಿ ಮಾಡುವ ಫಾಂಟ್ ಬದಲಾವಣೆ ಮತ್ತು ತಪ್ಪು ರೂಪದ ಉಳಿಕೆ. ಆದ್ದರಿಂದ ಫಾರ್ಮ್ಯಾಟ್ ಮಾಡಿಸುವ ಮುನ್ನ ಕಡತಗಳ ಜೊತೆಗೆ ಫಾಂಟ್ಸ್ ಫೋಲ್ಡರನ್ನೂ ನಕಲಿಸಿಕೊಳ್ಳಬೇಕು. ಮುಖ್ಯ ಬರಹಗಳ ಪಿಡಿಎಫ್ ಮಾಡಿಡಬೇಕು. ಆಸ್ಕಿಯ ಮೂಲವನ್ನು ಅಳಿಸದೆ ಯುನಿಕೋಡ್ ಪ್ರತಿಯನ್ನು ಪಕ್ಕದಲ್ಲಿಡಬೇಕು.

ಮನೆಯಲ್ಲಿ ಹಿರಿಯ ಲೇಖಕರ, ಅಧ್ಯಾಪಕರ, ಸಂಶೋಧಕರ ಹಳೆಯ ಕಂಪ್ಯೂಟರ್ ಇರುವವರಲ್ಲಿ ಒಂದು ಮನವಿ. ಅದನ್ನು ಗುಜರಿಗೆ ಹಾಕುವ ಅಥವಾ ಫಾರ್ಮ್ಯಾಟ್ ಮಾಡಿಸುವ ಮುನ್ನ ಅದರಲ್ಲಿರುವ ಕಡತಗಳನ್ನು ಫಾಂಟುಗಳ ಸಮೇತ ತೆಗೆದಿರಿಸಿ. ಓದಲು ಬಾರದ ಕಡತವೆಂದು ಯಾವುದನ್ನೂ ಅಳಿಸಬೇಡಿ. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳೂ ತಮ್ಮಲ್ಲಿ ಸಲ್ಲಿಕೆಯಾದ ಆಸ್ಕಿ ಪ್ರಬಂಧಗಳ ಪರಿವರ್ತನೆಯನ್ನು, ಅವುಗಳನ್ನು ಬರೆದವರು ಕರಡು ತಿದ್ದಿಕೊಡಲು ಸಿಗುವ ಕಾಲದಲ್ಲಿಯೇ, ಕೈಗೆತ್ತಿಕೊಳ್ಳಬೇಕು.